ಹಿತ್ತಲನ್ನು ಬೇರೆ ಲಾಟ್ ಮಾಡಲು ಏನೆಲ್ಲ ಖರ್ಚು? ವಿಕ್ಟೋರಿಯಾದ ಕೌನ್ಸಿಲ್ ಶುಲ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್‌ನ ಹಳೆಯ ಬಡಾವಣೆಗಳಲ್ಲಿ ದೊಡ್ಡ ಹಿತ್ತಲಿರುವ ಮನೆ ಕೊಂಡವರಿಗೆ, ಆ ಹಿತ್ತಲನ್ನು ಪ್ರತ್ಯೇಕ ನಿವೇಶನವಾಗಿ ವಿಂಗಡಿಸಿ ಮಾರುವ ಅಥವಾ ಅಲ್ಲಿ ಇನ್ನೊಂದು ಮನೆ ಕಟ್ಟುವ ಯೋಚನೆ ಒಂದಲ್ಲ ಒಂದು ದಿನ ಬರುತ್ತದೆ. ಆಗ ಮೊದಲು ಕೇಳುವ ಪ್ರಶ್ನೆ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಎಷ್ಟು ಕಟ್ಟಬೇಕು ಎಂಬುದು. ಅದಕ್ಕೆ ಉತ್ತರ ಸುಲಭ, ಮೊತ್ತವೂ ಚಿಕ್ಕದು. ಆದರೆ ಪರ್ಮಿಟ್ ಕೈಗೆ ಬಂದ ಮೇಲೆ ಅದರ ಷರತ್ತುಗಳ ಬೆನ್ನಿಗೆ ಬರುವ ಖರ್ಚುಗಳು ಅರ್ಜಿ ಶುಲ್ಕದ ಹತ್ತಾರು ಪಟ್ಟು ಆಗಬಲ್ಲವು; ಈ ಪುಟದ ಹೆಚ್ಚಿನ ಭಾಗ ಅವುಗಳ ಬಗ್ಗೆಯೇ ಇದೆ. ಇಲ್ಲಿನ ವಿವರಗಳು ವಿಕ್ಟೋರಿಯಾ ರಾಜ್ಯಕ್ಕೆ ಮಾತ್ರ ಸಂಬಂಧಿಸಿದವು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಕಾನೂನೂ ಬೇರೆ, ಶುಲ್ಕದ ಲೆಕ್ಕವೂ ಬೇರೆ.

ಜಾಗ ವಿಭಜನೆಯಲ್ಲಿ ಎಷ್ಟು ಹಂತಗಳಿವೆ, ಯಾವ ಹಂತದಲ್ಲಿ ಹಣ ಕಟ್ಟಬೇಕು?

ಮುಖ್ಯವಾಗಿ ನಾಲ್ಕು ಹಂತಗಳಿವೆ. ಮೊದಲನೆಯದು 1987ರ ಪ್ಲಾನಿಂಗ್ ಅಂಡ್ ಎನ್ವಿರಾನ್‌ಮೆಂಟ್ ಕಾಯ್ದೆಯಡಿ ಕೌನ್ಸಿಲ್‌ನಿಂದ ಪಡೆಯುವ ಪ್ಲಾನಿಂಗ್ ಪರ್ಮಿಟ್. ಎರಡನೆಯದು, ಲೈಸೆನ್ಸ್ ಪಡೆದ ಸರ್ವೇಯರ್ ತಯಾರಿಸಿದ ವಿಭಜನೆಯ ನಕ್ಷೆಗೆ 1988ರ ಸಬ್‌ಡಿವಿಷನ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ನೀಡುವ ಸರ್ಟಿಫಿಕೇಶನ್. ಮೂರನೆಯದು, ಪರ್ಮಿಟ್‌ನ ಷರತ್ತುಗಳೆಲ್ಲ ಪೂರೈಸಿವೆ ಎಂದು ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ಕೊಡುವ ಸ್ಟೇಟ್‌ಮೆಂಟ್ ಆಫ್ ಕಂಪ್ಲಾಯನ್ಸ್. ಕೊನೆಯದು, ರಾಜ್ಯದ ಭೂ ದಾಖಲೆ ಸಂಸ್ಥೆಯಾದ ಲ್ಯಾಂಡ್ ಯೂಸ್ ವಿಕ್ಟೋರಿಯಾದಲ್ಲಿ ನಕ್ಷೆ ನೋಂದಣಿಯಾಗಿ ಪ್ರತಿ ಲಾಟ್‌ಗೂ ಹೊಸ ಟೈಟಲ್ (ಮಾಲೀಕತ್ವದ ದಾಖಲೆ) ಹುಟ್ಟುವುದು.

ಮೊದಲೆರಡು ಹಂತಗಳಲ್ಲಿ ಕೌನ್ಸಿಲ್‌ಗೆ ಅರ್ಜಿ ಶುಲ್ಕ ಕಟ್ಟುತ್ತೀರಿ. ಎರಡನೆಯ ಮತ್ತು ಮೂರನೆಯ ಹಂತಗಳ ನಡುವಿನ ಅವಧಿಯಲ್ಲೇ ದೊಡ್ಡ ಮೊತ್ತಗಳು ಹೊರಹೋಗುತ್ತವೆ: ಚರಂಡಿ ಕಾಮಗಾರಿ, ನೀರಿನ ಸಂಸ್ಥೆಯ ಶುಲ್ಕ, ವಿದ್ಯುತ್ ಸಂಪರ್ಕ, ಉದ್ಯಾನ ಜಾಗದ ವಂತಿಗೆ. ಇವುಗಳಲ್ಲಿ ಒಂದು ಬಾಕಿ ಉಳಿದರೂ ಸ್ಟೇಟ್‌ಮೆಂಟ್ ಆಫ್ ಕಂಪ್ಲಾಯನ್ಸ್ ಬರುವುದಿಲ್ಲ. ಅದು ಬಾರದೆ ಟೈಟಲ್ ಇಲ್ಲ. ಟೈಟಲ್ ಇಲ್ಲದೆ ಮಾರಾಟದ ಹಣ ಕೈಸೇರುವುದಿಲ್ಲ. ಆದ್ದರಿಂದ ಈ ಖರ್ಚನ್ನೆಲ್ಲ ಲಾಟ್ ಮಾರಿ ಬರುವ ಹಣದಿಂದ ತೂಗಿಸಬಹುದು ಎಂದುಕೊಳ್ಳುವವರ ಲೆಕ್ಕ ಹೆಚ್ಚಾಗಿ ಇಲ್ಲಿಯೇ ತಪ್ಪುತ್ತದೆ.

ಎರಡು ಲಾಟ್ ಮಾಡಲು ಕೌನ್ಸಿಲ್ ಅರ್ಜಿ ಶುಲ್ಕ ನಿಖರವಾಗಿ ಎಷ್ಟು?

ಈ ಶುಲ್ಕವನ್ನು ಕೌನ್ಸಿಲ್ ತನ್ನಿಷ್ಟದಂತೆ ನಿಗದಿ ಮಾಡುವುದಿಲ್ಲ. ರಾಜ್ಯ ಸರ್ಕಾರದ 2016ರ ಶುಲ್ಕ ನಿಯಮಾವಳಿಗಳು ಅದನ್ನು ‘ಫೀ ಯೂನಿಟ್’ ಎಂಬ ಅಳತೆಯಲ್ಲಿ ಹೇಳಿವೆ. ಆ ಯೂನಿಟ್‌ನ ಬೆಲೆ ಪ್ರತಿ ವರ್ಷ ಜುಲೈ 1ರಂದು ಬದಲಾಗುತ್ತದೆ. 2023-24ರಲ್ಲಿ ಒಂದು ಯೂನಿಟ್‌ಗೆ 15.90 ಡಾಲರ್ ಇದ್ದದ್ದು 2024-25ರಲ್ಲಿ 16.33 ಡಾಲರ್ ಆಯಿತು, 2025-26ರಲ್ಲಿ 16.81 ಡಾಲರ್ ಆಯಿತು. ಜಾಗವನ್ನು ಎರಡು ಲಾಟ್ ಮಾಡುವ ಪರ್ಮಿಟ್ ಅರ್ಜಿಗೆ 89 ಯೂನಿಟ್, ಅಂದರೆ 2024-25ರ ದರದಲ್ಲಿ 1,453.40 ಡಾಲರ್. ನಕ್ಷೆಯ ಸರ್ಟಿಫಿಕೇಶನ್‌ಗೆ 11.8 ಯೂನಿಟ್, ಅಂದರೆ ಅದೇ ವರ್ಷದ ದರದಲ್ಲಿ 192.70 ಡಾಲರ್. ಎರಡೂ ಸೇರಿ 1,646.10 ಡಾಲರ್. ಮೂರು ಅಥವಾ ಅದಕ್ಕಿಂತ ಹೆಚ್ಚು ಲಾಟ್ ಮಾಡುವಾಗಲೂ ಪ್ರತಿ ನೂರು ಲಾಟ್‌ಗಳಿಗೆ ಇದೇ 89 ಯೂನಿಟ್ ಅನ್ವಯಿಸುತ್ತದೆ; ಎಂದರೆ ಮೂರು ಲಾಟ್ ಮಾಡುವವರೂ ಎರಡು ಲಾಟ್ ಮಾಡುವವರೂ ಅರ್ಜಿಗೆ ಕಟ್ಟುವುದು ಒಂದೇ ಮೊತ್ತ.

ಸರ್ಟಿಫಿಕೇಶನ್‌ಗೆ ಸಲ್ಲಿಸಿದ ನಕ್ಷೆಯನ್ನು ಬದಲಾಯಿಸಬೇಕಾಗಿ ಬಂದರೆ 7.5 ಯೂನಿಟ್, ಸರ್ಟಿಫಿಕೇಶನ್ ಆದ ನಕ್ಷೆಯನ್ನೇ ತಿದ್ದಬೇಕಾದರೆ 9.5 ಯೂನಿಟ್ ಹೆಚ್ಚುವರಿಯಾಗಿ ಬೀಳುತ್ತದೆ. ಇವು ಸಣ್ಣ ಮೊತ್ತಗಳೇ ಆದರೂ, ಪ್ರತಿ ತಿದ್ದುಪಡಿಗೂ ಸರ್ವೇಯರ್ ಪ್ರತ್ಯೇಕ ಬಿಲ್ ಕಳಿಸುತ್ತಾರೆ ಎಂಬುದು ನೆನಪಿರಲಿ. ಅರ್ಜಿ ಸಿದ್ಧವಾಗಿದ್ದರೆ ಅದನ್ನು ಜೂನ್ ತಿಂಗಳಲ್ಲಿಯೇ ಸಲ್ಲಿಸುವುದರಿಂದ ಹಳೆಯ ದರ ಸಿಗುತ್ತದೆ. ಆದರೆ ಉಳಿಯುವುದು ಕೆಲವು ಹತ್ತು ಡಾಲರ್ ಮಾತ್ರವಾದ್ದರಿಂದ, ಅದಕ್ಕಾಗಿ ಅರೆಬರೆ ಅರ್ಜಿಯನ್ನು ಅವಸರದಲ್ಲಿ ಸಲ್ಲಿಸುವುದು ಜಾಣತನವಲ್ಲ.

ಹಾಗಾದರೆ ಒಂದು ಕೌನ್ಸಿಲ್‌ಗಿಂತ ಇನ್ನೊಂದು ಕೌನ್ಸಿಲ್‌ನಲ್ಲಿ ಖರ್ಚು ಹೆಚ್ಚು ಎಂದು ಜನ ಹೇಳುವುದೇಕೆ?

ಮೇಲಿನ ಶಾಸನಬದ್ಧ ಶುಲ್ಕಗಳು ರಾಜ್ಯದ ಎಲ್ಲ 79 ಕೌನ್ಸಿಲ್‌ಗಳಲ್ಲೂ ಒಂದೇ. ವ್ಯತ್ಯಾಸ ಬರುವುದು ಕೌನ್ಸಿಲ್ ತಾನೇ ನಿಗದಿ ಮಾಡುವ ಇತರ ಬಾಬತ್ತುಗಳಲ್ಲಿ: ನೆರೆಹೊರೆಯವರಿಗೆ ನೋಟಿಸ್ ಕಳಿಸುವ ಮತ್ತು ಜಾಗದ ಮುಂದೆ ಫಲಕ ಹಾಕುವ ವೆಚ್ಚ, ಪರ್ಮಿಟ್‌ನ ಅವಧಿ ವಿಸ್ತರಣೆ, ಅರ್ಜಿಗೆ ಮುಂಚಿನ ಸಮಾಲೋಚನೆ, ವಾಹನ ದಾಟುವ ಕ್ರಾಸ್‌ಓವರ್‌ನ ಪರ್ಮಿಟ್, ಫುಟ್‌ಪಾತ್ ಮತ್ತು ರಸ್ತೆಗೆ ಹಾನಿಯಾಗದಂತೆ ಪಡೆಯುವ ಅಸೆಟ್ ಪ್ರೊಟೆಕ್ಷನ್ ಪರ್ಮಿಟ್. ಪ್ರತಿ ಕೌನ್ಸಿಲ್ ತನ್ನ ವಾರ್ಷಿಕ ಬಜೆಟ್ ಜೊತೆಗೆ ಈ ದರಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ ಉದ್ಯಾನ ಜಾಗದ ವಂತಿಗೆಯ ಪ್ರಮಾಣ ಒಂದೊಂದು ಕೌನ್ಸಿಲ್‌ನಲ್ಲಿ ಒಂದೊಂದು ರೀತಿ ಇದೆ. ನೆರೆಯ ಉಪನಗರದಲ್ಲಿರುವ ಸ್ನೇಹಿತರ ಲೆಕ್ಕವನ್ನು ನಿಮ್ಮ ಜಾಗಕ್ಕೆ ಹಚ್ಚಿದರೆ ಎಡವಟ್ಟಾಗುವುದು ಈ ಕಾರಣಕ್ಕೆ.

ಹೊಸ ಮನೆ ಕಟ್ಟುವ ಅರ್ಜಿ ಮತ್ತು ವಿಭಜನೆಯ ಅರ್ಜಿಯನ್ನು ಒಟ್ಟಿಗೆ ಸಲ್ಲಿಸಬಹುದೇ?

ಸಲ್ಲಿಸಬಹುದು, ಶುಲ್ಕದಲ್ಲಿ ಉಳಿತಾಯವೂ ಇದೆ. ಒಂದೇ ಅರ್ಜಿಯಲ್ಲಿ ಎರಡು ಬಗೆಯ ಅನುಮತಿ ಕೇಳಿದಾಗ, ಹೆಚ್ಚಿನ ಶುಲ್ಕವನ್ನು ಪೂರ್ತಿಯಾಗಿಯೂ ಇನ್ನೊಂದನ್ನು ಅರ್ಧದಷ್ಟೂ ಕಟ್ಟಬೇಕು. ಉದಾಹರಣೆಗೆ, ಒಂದು ಲಕ್ಷದಿಂದ ಹತ್ತು ಲಕ್ಷ ಡಾಲರ್‌ವರೆಗಿನ ವೆಚ್ಚದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳ ನಿರ್ಮಾಣಕ್ಕೆ 2024-25ರ ಶುಲ್ಕ 1,706.50 ಡಾಲರ್, ಅದರೊಂದಿಗೆ ವಿಭಜನೆಯ 1,453.40 ಡಾಲರ್‌ನ ಅರ್ಧ, ಅಂದರೆ 726.70 ಸೇರಿ ಒಟ್ಟು 2,433.20 ಡಾಲರ್ ಆಗುತ್ತದೆ. ಬೇರೆ ಬೇರೆಯಾಗಿ ಸಲ್ಲಿಸಿದ್ದರೆ 3,159.90 ಆಗುತ್ತಿತ್ತು.

ಆದರೆ ಶುಲ್ಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಖಾಲಿ ಜಾಗವನ್ನೇ ವಿಭಜಿಸುವುದಾದರೆ ಜಾಗದ ಬಳಕೆಯ ನಿಯಮಗಳಿರುವ ಪ್ಲಾನಿಂಗ್ ಸ್ಕೀಮ್‌ನ 56ನೇ ಕಲಮು ಲಾಟ್‌ನ ಗಾತ್ರದ ಬಗ್ಗೆ ಬಿಗಿಯಾಗಿದೆ: 300ರಿಂದ 500 ಚದರ ಮೀಟರ್‌ನ ಲಾಟ್‌ನಲ್ಲಿ ಸುಮಾರು 10 ಮೀಟರ್‌ಗೆ 15 ಮೀಟರ್‌ನ ಆಯತ ಕೂರುವಂತಿರಬೇಕು, 300ಕ್ಕಿಂತ ಚಿಕ್ಕದಾದರೆ ಅಲ್ಲಿ ಮನೆ ಹೇಗೆ ಬರುತ್ತದೆಂದು ತೋರಿಸುವ ಮಾಹಿತಿ ಜೊತೆಗಿರಬೇಕು. ಮನೆಗೆ ಈಗಾಗಲೇ ಪರ್ಮಿಟ್ ಇದ್ದು ಅಥವಾ ನಿರ್ಮಾಣ ಆರಂಭವಾಗಿದ್ದು ಅದಕ್ಕೆ ತಕ್ಕಂತೆ ಎರಡು ಲಾಟ್ ಮಾಡುವ ಕೆಲವು ಅರ್ಜಿಗಳು ವಿಕ್‌ಸ್ಮಾರ್ಟ್ ಎಂಬ ಶೀಘ್ರ ಮಾರ್ಗದಲ್ಲಿ 10 ಕೆಲಸದ ದಿನಗಳ ಗುರಿಯೊಳಗೆ ಇತ್ಯರ್ಥವಾಗುತ್ತವೆ, ಅದಕ್ಕೆ ಶುಲ್ಕವೂ ಕಡಿಮೆ. ಆದ್ದರಿಂದ ಮೊದಲು ವಿಭಜಿಸಿ ಆಮೇಲೆ ಮನೆಯ ಯೋಚನೆ ಮಾಡೋಣ ಎನ್ನುವ ಕ್ರಮ ಚಿಕ್ಕ ಹಿತ್ತಲಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಚರಂಡಿ, ರಸ್ತೆ ಕಾಮಗಾರಿ ಮಾಡಿಸಿದರೆ ಅದಕ್ಕೂ ಕೌನ್ಸಿಲ್‌ಗೆ ಶುಲ್ಕ ಕೊಡಬೇಕೇ?

ಹೌದು. ಮುಂದೆ ಕೌನ್ಸಿಲ್ ಸ್ವಾಧೀನಕ್ಕೆ ಹೋಗುವ ಚರಂಡಿ ಅಥವಾ ರಸ್ತೆಯ ಕೆಲಸವಿದ್ದರೆ, ಎಂಜಿನಿಯರಿಂಗ್ ನಕ್ಷೆಯನ್ನು ಪರಿಶೀಲಿಸಲು ಕಾಮಗಾರಿಯ ಅಂದಾಜು ವೆಚ್ಚದ ಗರಿಷ್ಠ ಶೇ 0.75 ಮತ್ತು ಕೆಲಸದ ಮೇಲ್ವಿಚಾರಣೆಗೆ ಗರಿಷ್ಠ ಶೇ 2.5ರಷ್ಟು ವಸೂಲಿ ಮಾಡಲು ಕೌನ್ಸಿಲ್‌ಗೆ ಅವಕಾಶವಿದೆ. ಎಂಜಿನಿಯರಿಂಗ್ ನಕ್ಷೆಯನ್ನು ಕೌನ್ಸಿಲ್ ಮೂಲಕವೇ ತಯಾರು ಮಾಡಿಸಿದರೆ ಅದಕ್ಕೆ ಗರಿಷ್ಠ ಶೇ 3.5. ಅಂದಾಜು ವೆಚ್ಚ 40,000 ಡಾಲರ್ ಎಂದಾದರೆ ಪರಿಶೀಲನೆಗೆ 300, ಮೇಲ್ವಿಚಾರಣೆಗೆ 1,000 ಡಾಲರ್. ಕಾಡುವುದು ಈ ಶೇಕಡಾವಾರು ಅಲ್ಲ, ಆ ನಲವತ್ತು ಸಾವಿರವೇ. ಇಳಿಜಾರು ರಸ್ತೆಯ ಕಡೆಗಿರದೆ ಹಿಂದಕ್ಕಿರುವ ಜಾಗದಲ್ಲಿ, ಮಳೆನೀರನ್ನು ಕೌನ್ಸಿಲ್ ಸೂಚಿಸಿದ ಹೊರಬಿಡುವ ಸ್ಥಳಕ್ಕೆ ಒಯ್ಯಲು ನೆರೆಯವರ ಜಾಗದ ಮೂಲಕ ಕೊಳವೆ ಹಾಕಬೇಕಾಗಬಹುದು. ಅದಕ್ಕೆ ಅವರ ಒಪ್ಪಿಗೆಯಿಂದ ಈಸ್‌ಮೆಂಟ್ (ಅವರ ನೆಲವನ್ನು ಕೊಳವೆಗೆ ಬಳಸುವ ಹಕ್ಕು) ಪಡೆಯಬೇಕು, ಮತ್ತು ಆ ಒಪ್ಪಿಗೆಗೆ ಯಾವ ಸರ್ಕಾರಿ ದರಪಟ್ಟಿಯೂ ಇಲ್ಲ. ಜಾಗದ ಇಳಿಜಾರು ಯಾವ ಕಡೆಗಿದೆ ಎಂದು ಮೊದಲ ದಿನವೇ ನೋಡಿಕೊಳ್ಳುವುದು ಒಳ್ಳೆಯದು. ಮಳೆನೀರು ಹೊರಬಿಡುವ ಸ್ಥಳ ಯಾವುದೆಂದು ತಿಳಿಸುವ ಲೀಗಲ್ ಪಾಯಿಂಟ್ ಆಫ್ ಡಿಸ್‌ಚಾರ್ಜ್ ಎಂಬ ವರದಿಯನ್ನು ಕೌನ್ಸಿಲ್‌ನಿಂದ ಸಣ್ಣ ಶುಲ್ಕಕ್ಕೆ ಪಡೆಯಬಹುದು.

ಉದ್ಯಾನ ಜಾಗದ ವಂತಿಗೆ ಎಂದರೇನು? ಅದು ಎಲ್ಲರಿಗೂ ಕಡ್ಡಾಯವೇ?

ಇದಕ್ಕೆ ಇಲ್ಲಿ ಪಬ್ಲಿಕ್ ಓಪನ್ ಸ್ಪೇಸ್ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಹೊಸ ಲಾಟ್‌ಗಳಿಂದ ಜನ ಹೆಚ್ಚಾದಾಗ ಬೇಕಾಗುವ ಉದ್ಯಾನ, ಆಟದ ಮೈದಾನಗಳಿಗಾಗಿ ಜಾಗವನ್ನು ವಿಭಜಿಸುವವರಿಂದ ಜಾಗವನ್ನೋ ಹಣವನ್ನೋ ಪಡೆಯುವ ವ್ಯವಸ್ಥೆ ಇದು. ಹಿತ್ತಲು ವಿಭಜಿಸುವವರು ಉದ್ಯಾನ ಬಿಟ್ಟುಕೊಡಲಾರರಾದ್ದರಿಂದ ಅವರಿಗೆ ಇದು ಹಣದ ರೂಪದಲ್ಲೇ ಬರುತ್ತದೆ. ಎರಡು ಮಾರ್ಗಗಳಲ್ಲಿ ಇದನ್ನು ಕೇಳಬಹುದು. ಪ್ಲಾನಿಂಗ್ ಸ್ಕೀಮ್‌ನ 53.01ನೇ ಕಲಮಿನ ಅನುಸೂಚಿಯಲ್ಲಿ ಶೇಕಡಾವಾರು ನಮೂದಾಗಿದ್ದರೆ ಅದೇ ಅಂತಿಮ, ಮತ್ತು ಅದು ಶೇ 5ಕ್ಕಿಂತ ಹೆಚ್ಚೂ ಇರಬಹುದು. ಅಲ್ಲಿ ನಮೂದಿಲ್ಲದಿದ್ದರೆ ಸಬ್‌ಡಿವಿಷನ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಗರಿಷ್ಠ ಶೇ 5ರವರೆಗೆ ಕೇಳಬಹುದು; ಆದರೆ ಆಗ, ಈ ವಿಭಜನೆಯಿಂದ ಹೆಚ್ಚಿನ ಉದ್ಯಾನ ಜಾಗದ ಅಗತ್ಯ ಉಂಟಾಗುತ್ತದೆ ಎಂದು ಕೌನ್ಸಿಲ್‌ಗೆ ಮನವರಿಕೆಯಾಗಿರಬೇಕು.

ಇಲ್ಲಿ ಹಲವರು ಗಮನಿಸದ ಅಂಶವೆಂದರೆ, ಶೇಕಡಾವಾರು ಲೆಕ್ಕ ಹಾಕುವುದು ಹೊಸ ಲಾಟ್‌ನ ಬೆಲೆಯ ಮೇಲಲ್ಲ, ವಿಭಜನೆಯಾಗುವ ಇಡೀ ಜಾಗದ ಸೈಟ್ ವ್ಯಾಲ್ಯೂ ಮೇಲೆ. ಎಂದರೆ ಕಟ್ಟಡವನ್ನು ಬಿಟ್ಟು ನೆಲಕ್ಕಷ್ಟೇ ಕಟ್ಟುವ ಬೆಲೆಯ ಮೇಲೆ. ಜಾಗವನ್ನು ಮೂರು ಲಾಟ್ ಮಾಡುತ್ತೀರಿ, ನೆಲದ ಬೆಲೆ 9 ಲಕ್ಷ ಡಾಲರ್ ಎಂದುಕೊಳ್ಳಿ. ಶೇ 5 ಎಂದರೆ 45,000 ಡಾಲರ್. ನಿಮ್ಮ ಕೌನ್ಸಿಲ್‌ನ ಅನುಸೂಚಿಯಲ್ಲಿ ಶೇ 8 ಎಂದಿದ್ದರೆ 72,000 ಡಾಲರ್. ಅರ್ಜಿ ಶುಲ್ಕದ ಸಾವಿರದ ನಾನೂರರ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ಕೌನ್ಸಿಲ್ ಶುಲ್ಕ ಎಂಬ ಮಾತಿನ ನಿಜವಾದ ಭಾರ ಎಲ್ಲಿದೆ ಎಂದು ತಿಳಿಯುತ್ತದೆ.

ವಿನಾಯಿತಿ ಇದೆ. ಜಾಗವನ್ನು ಎರಡೇ ಲಾಟ್ ಮಾಡುತ್ತಿದ್ದು, ಆ ಲಾಟ್‌ಗಳು ಮುಂದೆ ಮತ್ತೆ ವಿಭಜನೆಯಾಗುವ ಸಂಭವವಿಲ್ಲ ಎಂದು ಕೌನ್ಸಿಲ್ ಭಾವಿಸಿದರೆ ವಂತಿಗೆ ಕೊಡಬೇಕಾಗಿಲ್ಲ. ಸಾಧಾರಣ ಗಾತ್ರದ ಹಿತ್ತಲಿಗೆ ಈ ವಿನಾಯಿತಿ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಎರಡು ಲಾಟ್‌ಗಳಲ್ಲಿ ಒಂದು ಇನ್ನೂ ಅಗಲವಾಗಿದ್ದು ಅದನ್ನು ಮತ್ತೆ ಒಡೆಯುವಂತಿದ್ದರೆ ಕೌನ್ಸಿಲ್ ಒಪ್ಪದಿರಬಹುದು. ಅದೇ ಜಾಗಕ್ಕೆ ಹಿಂದಿನ ವಿಭಜನೆಯ ಸಂದರ್ಭದಲ್ಲಿ 18ನೇ ಸೆಕ್ಷನ್ ಅಡಿ ವಂತಿಗೆ ಕೊಟ್ಟಾಗಿದ್ದರೆ, ಆ ಸೆಕ್ಷನ್ ಅಡಿ ಎರಡನೆಯ ಬಾರಿ ಕೇಳುವಂತಿಲ್ಲ; ಹಳೆಯ ಫೈಲ್‌ಗಳನ್ನು ಹುಡುಕಿಸುವುದು ಕೆಲವೊಮ್ಮೆ ಸಾವಿರಾರು ಡಾಲರ್ ಉಳಿಸುತ್ತದೆ. ಮೂರನೆಯ ಲಾಟ್‌ನ ಆಸೆ ಇರುವವರು ಆ ಲಾಟ್‌ನಿಂದ ಬರುವ ಆದಾಯದಲ್ಲಿ ಈ ವಂತಿಗೆಯನ್ನು ಕಳೆದು ನೋಡಬೇಕು, ಯಾಕೆಂದರೆ ಎರಡರಿಂದ ಮೂರಕ್ಕೆ ಹೋದ ಕೂಡಲೇ ವಿನಾಯಿತಿ ಪೂರ್ತಿಯಾಗಿ ಹೋಗುತ್ತದೆ.

ಡೆವಲಪ್‌ಮೆಂಟ್ ಕಾಂಟ್ರಿಬ್ಯೂಷನ್ ಎಂಬುದು ಇದಕ್ಕಿಂತ ಬೇರೆಯೇ?

ಬೇರೆ. ರಸ್ತೆ, ಮಳೆನೀರು ಕಾಲುವೆ, ಸಮುದಾಯ ಭವನದಂಥ ಸೌಕರ್ಯಗಳಿಗಾಗಿ ಕೆಲವು ಪ್ರದೇಶಗಳಿಗೆ ಡೆವಲಪ್‌ಮೆಂಟ್ ಕಾಂಟ್ರಿಬ್ಯೂಷನ್ಸ್ ಪ್ಲಾನ್ ಅಥವಾ ಇನ್‌ಫ್ರಾಸ್ಟ್ರಕ್ಚರ್ ಕಾಂಟ್ರಿಬ್ಯೂಷನ್ಸ್ ಪ್ಲಾನ್ ಜಾರಿಯಲ್ಲಿರುತ್ತದೆ. ನಿಮ್ಮ ಜಾಗದ ಪ್ಲಾನಿಂಗ್ ಪ್ರಾಪರ್ಟಿ ರಿಪೋರ್ಟ್‌ನಲ್ಲಿ ಅಂಥ ಓವರ್‌ಲೇ (ಆ ಪ್ರದೇಶಕ್ಕೆ ಅನ್ವಯಿಸುವ ಹೆಚ್ಚುವರಿ ನಿಯಮ) ಕಾಣಿಸಿದರೆ ಮೊತ್ತ ಎಷ್ಟೆಂದು ಕೌನ್ಸಿಲ್‌ನಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಬೆಳೆಯುತ್ತಿರುವ ಹೊರವಲಯದ ಸೌಕರ್ಯಗಳಿಗಾಗಿ ರಾಜ್ಯ ಪಡೆಯುವ ಗ್ರೋತ್ ಏರಿಯಾಸ್ ಇನ್‌ಫ್ರಾಸ್ಟ್ರಕ್ಚರ್ ಕಾಂಟ್ರಿಬ್ಯೂಷನ್ ಬಗ್ಗೆ ವಿಂಡಮ್, ಮೆಲ್ಟನ್, ಹ್ಯೂಮ್, ವಿಟಲ್‌ಸೀ, ಮಿಚೆಲ್, ಕೇಸಿ, ಕಾರ್ಡೀನಿಯಾ ಈ ಏಳು ಕೌನ್ಸಿಲ್‌ಗಳಲ್ಲಿರುವವರು ಆತಂಕದಿಂದ ಕೇಳುತ್ತಾರೆ. 0.41 ಹೆಕ್ಟೇರ್ ಅಥವಾ ಅದಕ್ಕಿಂತ ಚಿಕ್ಕ ಜಾಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಸಾಮಾನ್ಯ ಮನೆ ನಿವೇಶನದವರು ಅದನ್ನು ಮರೆಯಬಹುದು.

ನೀರು, ಒಳಚರಂಡಿ, ವಿದ್ಯುತ್ ಸಂಪರ್ಕದ ವೆಚ್ಚವನ್ನು ಯಾರಿಗೆ ಕಟ್ಟಬೇಕು?

ಇವು ಕೌನ್ಸಿಲ್‌ಗೆ ಕಟ್ಟುವ ಹಣವಲ್ಲ, ಆದರೆ ಕೌನ್ಸಿಲ್ ಕೊಡುವ ಪರ್ಮಿಟ್‌ನಲ್ಲಿಯೇ ಷರತ್ತಾಗಿ ಬರುತ್ತವೆ. ಮೆಲ್ಬರ್ನ್‌ನಲ್ಲಿ ನಿಮ್ಮ ವಿಳಾಸಕ್ಕೆ ತಕ್ಕಂತೆ ಯಾರ್ರಾ ವ್ಯಾಲಿ ವಾಟರ್, ಸೌತ್ ಈಸ್ಟ್ ವಾಟರ್ ಅಥವಾ ಗ್ರೇಟರ್ ವೆಸ್ಟರ್ನ್ ವಾಟರ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಪ್ರತಿ ಹೆಚ್ಚುವರಿ ಲಾಟ್‌ಗೆ ನ್ಯೂ ಕಸ್ಟಮರ್ ಕಾಂಟ್ರಿಬ್ಯೂಷನ್ ಎಂಬ ಶುಲ್ಕವಿದೆ. ಒಳಚರಂಡಿಯ ಮುಖ್ಯ ಕೊಳವೆ ಹಿಂಬದಿಯ ಲಾಟ್‌ಗೆ ತಲುಪದಿದ್ದರೆ ಅದನ್ನು ವಿಸ್ತರಿಸುವ ವೆಚ್ಚವೂ ನಿಮ್ಮದೇ. ಮುಂಬದಿಯ ಹಳೆಯ ಮನೆಯ ಕೊಳವೆ ಹೊಸ ಲಾಟ್‌ನ ಅಡಿಯಲ್ಲಿ ಹಾದುಹೋಗುತ್ತಿದ್ದರೆ ಅದನ್ನು ಬೇರ್ಪಡಿಸಿ ತಿರುಗಿಸಬೇಕು. ಹಳೆಯ ಬಡಾವಣೆಗಳಲ್ಲಿ ಒಳಚರಂಡಿ ಕೊಳವೆ ಹಿತ್ತಲಿನ ಬೇಲಿಯಂಚಿನಲ್ಲೇ ಇರುವುದು ಸಾಮಾನ್ಯವಾದ್ದರಿಂದ ಇದು ಅಪರೂಪದ ಸಂಗತಿಯಲ್ಲ. ಜಾಗ ಮೆಲ್ಬರ್ನ್ ವಾಟರ್‌ನ ಡ್ರೈನೇಜ್ ಸ್ಕೀಮ್ ಒಳಗಿದ್ದರೆ ಅದರ ವಂತಿಗೆ ಪ್ರತ್ಯೇಕ.

ವಿದ್ಯುತ್ತಿಗೆ ಸಿಟಿಪವರ್, ಪವರ್‌ಕಾರ್, ಜೆಮೆನಾ, ಆಸ್‌ನೆಟ್, ಯುನೈಟೆಡ್ ಎನರ್ಜಿ ಇವುಗಳಲ್ಲಿ ನಿಮ್ಮ ಪ್ರದೇಶದ ವಿತರಣಾ ಸಂಸ್ಥೆ ಯಾವುದೋ ಅದರೊಂದಿಗೆ ವ್ಯವಹರಿಸಬೇಕು. ತಿಂಗಳ ಬಿಲ್ ಕಳಿಸುವ ಕಂಪನಿಯೊಂದಿಗೆ ಅಲ್ಲ. ದೂರಸಂಪರ್ಕದ ಷರತ್ತೂ ಪರ್ಮಿಟ್‌ನಲ್ಲಿ ಇರುತ್ತದೆ. ಈ ಸಂಸ್ಥೆಗಳ ಒಪ್ಪಿಗೆ ಪತ್ರಗಳೆಲ್ಲ ಸ್ಪಿಯರ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸೇರುತ್ತವೆ. ಯಾವ ಪತ್ರ ಎಲ್ಲಿ ನಿಂತಿದೆ ಎಂದು ನಿಮ್ಮ ಸರ್ವೇಯರ್ ಅಲ್ಲಿಯೇ ನೋಡಿ ಹೇಳಬಲ್ಲರು.

ಸರ್ವೇಯರ್ ಮತ್ತು ಇತರ ವೃತ್ತಿಪರರಿಗೆ ಎಷ್ಟು ತೆಗೆದಿಡಬೇಕು?

ಇದಕ್ಕೆ ನಿಗದಿತ ದರವಿಲ್ಲ. ಗಡಿ ಗುರುತಿಸುವ ಸರ್ವೇ, ಮಟ್ಟ ತೋರಿಸುವ ಫೀಚರ್ ಸರ್ವೇ, ವಿಭಜನೆಯ ನಕ್ಷೆ, ಸ್ಪಿಯರ್ ನಿರ್ವಹಣೆ ಇವನ್ನೆಲ್ಲ ಒಳಗೊಂಡ ಬರಹದ ಕೊಟೇಶನ್‌ಗಳನ್ನು ಕನಿಷ್ಠ ಮೂವರಿಂದ ಪಡೆಯಿರಿ. ಕೊಟೇಶನ್ ನೋಡುವಾಗ ಒಟ್ಟು ಮೊತ್ತಕ್ಕಿಂತ, ಅದರಲ್ಲಿ ಏನು ಸೇರಿಲ್ಲ ಎಂಬ ಸಾಲುಗಳನ್ನು ಓದಿ. ಕೌನ್ಸಿಲ್ ಕೇಳುವ ಹೆಚ್ಚುವರಿ ಮಾಹಿತಿಗೆ ಉತ್ತರಿಸುವ ಕೆಲಸ ಮತ್ತು ನೀರಿನ ಸಂಸ್ಥೆಯೊಂದಿಗಿನ ಪತ್ರವ್ಯವಹಾರ ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಕೊನೆಗೆ ನಕ್ಷೆ ನೋಂದಣಿಗೆ ಲ್ಯಾಂಡ್ ಯೂಸ್ ವಿಕ್ಟೋರಿಯಾದ ಶುಲ್ಕ ಮತ್ತು ಆಸ್ತಿಯ ಕಾಗದಪತ್ರ ನೋಡಿಕೊಳ್ಳುವ ಕನ್ವೇಯನ್ಸರ್ ಖರ್ಚು ಇದೆ. ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು, ಅದು ಪುಕ್ಕಟೆಯಲ್ಲ. ಹಿತ್ತಲು ಬೇರೆಯಾದ ಮೇಲೆ ಉಳಿಯುವ ಆಧಾರ ಸಾಲಕ್ಕೆ ಸಾಲದು ಎಂದು ಬ್ಯಾಂಕಿಗೆ ಅನಿಸಿದರೆ ಸಾಲದ ಒಂದು ಭಾಗವನ್ನು ಮೊದಲೇ ತೀರಿಸಲು ಕೇಳಬಹುದು.

ನಮ್ಮದು ಹೊಸ ಎಸ್ಟೇಟ್‌ನ ಮನೆ. ಟೈಟಲ್‌ನಲ್ಲಿ ಕವನೆಂಟ್ ಇದೆ. ವಿಭಜನೆ ಸಾಧ್ಯವೇ?

ಖರ್ಚಿನ ಲೆಕ್ಕ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. ಹಲವು ಎಸ್ಟೇಟ್‌ಗಳಲ್ಲಿ ಒಂದು ಲಾಟ್‌ಗೆ ಒಂದೇ ಮನೆ ಅಥವಾ ಮುಂದೆ ವಿಭಜನೆ ಕೂಡದು ಎಂಬ ನಿರ್ಬಂಧ ಕವನೆಂಟ್‌ನಲ್ಲಿಯೋ (ಜಾಗದ ಬಳಕೆಯನ್ನು ಕಟ್ಟಿಹಾಕುವ, ಟೈಟಲ್‌ಗೆ ಅಂಟಿದ ಕರಾರು), ಪ್ಲಾನಿಂಗ್ ಅಂಡ್ ಎನ್ವಿರಾನ್‌ಮೆಂಟ್ ಕಾಯ್ದೆಯ 173ನೇ ಸೆಕ್ಷನ್ ಅಡಿ ಕೌನ್ಸಿಲ್‌ನೊಂದಿಗೆ ಆದ ಒಪ್ಪಂದದಲ್ಲಿಯೋ ದಾಖಲಾಗಿರುತ್ತದೆ. ಕವನೆಂಟ್ ಮೀರುವಂಥ ಪರ್ಮಿಟ್ ಕೊಡುವ ಅಧಿಕಾರ ಕೌನ್ಸಿಲ್‌ಗೆ ಇಲ್ಲ. ಮೊದಲು ಅದನ್ನು ತೆಗೆಸಬೇಕು ಅಥವಾ ಬದಲಾಯಿಸಬೇಕು. ಕೌನ್ಸಿಲ್ ಮೂಲಕ ಕವನೆಂಟ್ ತೆಗೆಸುವ ಅರ್ಜಿಗೂ 89 ಯೂನಿಟ್‌ನ ಶುಲ್ಕವೇ. ಆದರೆ ಅದರ ಲಾಭ ಪಡೆಯುವ ಸುತ್ತಲಿನ ಲಾಟ್‌ಗಳವರಿಗೆ ನೋಟಿಸ್ ಹೋಗುತ್ತದೆ. 1991ರ ಜೂನ್ 25ಕ್ಕಿಂತ ಮುಂಚೆ ಹುಟ್ಟಿದ ಕವನೆಂಟ್ ಆದರಂತೂ ಪರೀಕ್ಷೆ ಬಹಳ ಕಠಿಣ. ಲಾಭ ಹೊಂದಿದ ಒಬ್ಬರಿಗಾದರೂ ಯಾವುದೇ ಬಗೆಯ ಹಾನಿಯಾಗುವ ಸಂಭವವಿದ್ದರೆ ಕೌನ್ಸಿಲ್ ಒಪ್ಪುವಂತಿಲ್ಲ. ಇನ್ನೊಂದು ದಾರಿ 1958ರ ಪ್ರಾಪರ್ಟಿ ಲಾ ಕಾಯ್ದೆಯ 84ನೇ ಸೆಕ್ಷನ್ ಅಡಿ ವಿಕ್ಟೋರಿಯಾದ ಸುಪ್ರೀಂ ಕೋರ್ಟ್‌ಗೆ ಹೋಗುವುದು, ಅಲ್ಲಿ ವಕೀಲರ ಖರ್ಚು ಬೇರೆಯದೇ ಮಟ್ಟದ್ದು.

173ನೇ ಸೆಕ್ಷನ್ ಒಪ್ಪಂದವನ್ನು ತಿದ್ದಲು ಅಥವಾ ಕೊನೆಗೊಳಿಸಲು ಕೌನ್ಸಿಲ್‌ಗೆ ಕಟ್ಟುವ ಶುಲ್ಕ 44.5 ಯೂನಿಟ್, ಅಂದರೆ 2024-25ರ ದರದಲ್ಲಿ 726.70 ಡಾಲರ್. ಶುಲ್ಕ ಕಟ್ಟಿದ ಮಾತ್ರಕ್ಕೆ ಕೌನ್ಸಿಲ್ ಒಪ್ಪಲೇಬೇಕು ಎಂದೇನಿಲ್ಲ. ನನ್ನ ಅಭಿಪ್ರಾಯದಲ್ಲಿ ಹೊಸ ಎಸ್ಟೇಟ್‌ನ ನಾನ್ನೂರು ಚದರ ಮೀಟರ್ ಜಾಗಕ್ಕಾಗಿ ಈ ಹೋರಾಟಕ್ಕೆ ಇಳಿಯುವುದು ಬಹುತೇಕ ಸಂದರ್ಭಗಳಲ್ಲಿ ಲಾಭದಾಯಕವಲ್ಲ.

ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿರುವ ಮನೆಯನ್ನು ಪಾಲು ಮಾಡಿಕೊಂಡರೆ ಈ ಖರ್ಚು ತಪ್ಪುವುದಿಲ್ಲವೇ?

ಕರ್ನಾಟಕದ ರೂಢಿ ಮನಸ್ಸಿನಲ್ಲಿರುವವರು ಕೇಳುವ ಸಹಜ ಪ್ರಶ್ನೆ ಇದು. ಅಲ್ಲಿ ಮನೆಮಂದಿ ಸೇರಿ ವಿಭಾಗ ಪತ್ರ ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಖಾತೆ ಬೇರೆ ಮಾಡಿಕೊಡಿ ಎಂದು ಅರ್ಜಿ ಹಾಕುವುದು ವಾಡಿಕೆ. ವಿಕ್ಟೋರಿಯಾದಲ್ಲಿ ಕ್ರಮ ತಿರುವುಮುರುವು: ಕೌನ್ಸಿಲ್ ಒಪ್ಪಿದ ನಕ್ಷೆ ನೋಂದಣಿಯಾಗಿ ಎರಡು ಟೈಟಲ್ ಹುಟ್ಟಿದ ಮೇಲಷ್ಟೇ ಒಂದೊಂದನ್ನು ಒಬ್ಬೊಬ್ಬರಿಗೆ ಹಂಚಬಹುದು. ಮುಂದಿನ ಅರ್ಧ ಅಣ್ಣನಿಗೆ, ಹಿತ್ತಲು ತಮ್ಮನಿಗೆ ಎಂದು ತಮ್ಮೊಳಗೆ ಬರೆದುಕೊಂಡ ಪತ್ರದಿಂದ ಪ್ರತ್ಯೇಕ ಟೈಟಲ್ ಬರುವುದಿಲ್ಲ, ಬ್ಯಾಂಕ್ ಅದರ ಮೇಲೆ ಸಾಲ ಕೊಡುವುದಿಲ್ಲ.

ನಕ್ಷೆ ನೋಂದಣಿಯಾದಾಗ ಎರಡೂ ಲಾಟ್‌ಗಳು ಮೊದಲು ಇಬ್ಬರ ಹೆಸರಿನಲ್ಲಿಯೇ ಬರುತ್ತವೆ. ಆಮೇಲೆ ಒಂದನ್ನು ಅಣ್ಣನಿಗೂ ಇನ್ನೊಂದನ್ನು ತಮ್ಮನಿಗೂ ವರ್ಗಾಯಿಸಿದಾಗ, ಸ್ಟಾಂಪ್ ಡ್ಯೂಟಿ ಮುಖ್ಯವಾಗಿ ಒಬ್ಬರಿಗೆ ತಮ್ಮ ಪಾಲಿಗಿಂತ ಹೆಚ್ಚಾಗಿ ಸಿಕ್ಕ ಮೌಲ್ಯದ ಮೇಲೆ ಬೀಳುತ್ತದೆ. ಆದರೆ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಆ ಹಂಚಿಕೆ, ಒಬ್ಬರ ಲಾಟ್‌ನಲ್ಲಿದ್ದ ಅರ್ಧ ಹಕ್ಕನ್ನು ಇನ್ನೊಬ್ಬರು ವಿಲೇವಾರಿ ಮಾಡಿದಂತೆ; ಬಂಡವಾಳ ಲಾಭ ತೆರಿಗೆಯ ಲೆಕ್ಕ ಅಲ್ಲಿಯೇ ಹುಟ್ಟುತ್ತದೆ, ಒಂದು ಡಾಲರ್ ಕೈ ಬದಲಾಗದಿದ್ದರೂ. ಕುಟುಂಬದೊಳಗಿನ ಹಂಚಿಕೆಗೆ ತೆರಿಗೆ ಇರಲಾರದು ಎಂಬ ನಂಬಿಕೆಯಿಂದ ಮುಂದುವರಿಯುವ ಮೊದಲು ಅಕೌಂಟೆಂಟ್ ಅವರನ್ನು ಕಾಣುವುದು ಅಗತ್ಯ.

ಎರಡೂ ಮನೆಗೆ ಒಂದೇ ಡ್ರೈವ್‌ವೇ ಇದ್ದರೆ?

ಅದನ್ನು ಕಾಮನ್ ಪ್ರಾಪರ್ಟಿ ಎಂದು ನಕ್ಷೆಯಲ್ಲಿ ತೋರಿಸಿದರೆ ಓನರ್ಸ್ ಕಾರ್ಪೊರೇಶನ್ (ಲಾಟ್‌ಗಳ ಮಾಲೀಕರು ಸೇರಿದ ಕಾನೂನುಬದ್ಧ ಸಂಘ) ಹುಟ್ಟುತ್ತದೆ. ಎರಡೇ ಲಾಟ್‌ಗಳ ಕಾರ್ಪೊರೇಶನ್‌ಗೆ ಕಾನೂನಿನ ಹಲವು ಕಟ್ಟುಪಾಡುಗಳಿಂದ ವಿನಾಯಿತಿ ಇದೆ. ಆದರೂ ದುರಸ್ತಿ ಯಾರದು, ಖರ್ಚು ಹೇಗೆ ಹಂಚುವುದು ಎಂಬ ಮಾತುಗಳು ಮುಂದಿನ ಮಾಲೀಕರವರೆಗೂ ಉಳಿಯುತ್ತವೆ. ಜಾಗದ ಅಗಲ ಸಾಕಷ್ಟಿದ್ದರೆ ಎರಡನೆಯ ಕ್ರಾಸ್‌ಓವರ್‌ಗೆ ಹಣ ಹಾಕುವುದು ಮೇಲು. ಹೊಸ ಕ್ರಾಸ್‌ಓವರ್ ದಾರಿಯಲ್ಲಿ ಕೌನ್ಸಿಲ್‌ನ ಬೀದಿಮರವಿದ್ದರೆ ಮಾತ್ರ ಯೋಚಿಸಿ, ಯಾಕೆಂದರೆ ಮರ ತೆಗೆಯಲು ಕೌನ್ಸಿಲ್ ಒಪ್ಪಿದರೂ ಅದರ ಮೌಲ್ಯವನ್ನು ಲೆಕ್ಕ ಹಾಕಿ ವಸೂಲಿ ಮಾಡುವುದುಂಟು.

ಲಾಟ್ ಬೇರೆಯಾದ ಮೇಲೆ ಪ್ರತಿ ವರ್ಷ ಬರುವ ಖರ್ಚು ಯಾವುದು?

ಎರಡು ಟೈಟಲ್ ಎಂದರೆ ಎರಡು ಕೌನ್ಸಿಲ್ ರೇಟ್ಸ್ (ಆಸ್ತಿ ತೆರಿಗೆ) ನೋಟಿಸ್. ಅದಕ್ಕಿಂತ ಹೆಚ್ಚಾಗಿ ಅಚ್ಚರಿಗೊಳಿಸುವುದು ರಾಜ್ಯದ ಲ್ಯಾಂಡ್ ಟ್ಯಾಕ್ಸ್. ನೀವು ವಾಸಿಸುವ ಮನೆಗೆ ವಿನಾಯಿತಿ ಇದೆ, ಆದರೆ ಮೆಟ್ರೊಪಾಲಿಟನ್ ಮೆಲ್ಬರ್ನ್‌ನಲ್ಲಿ ಪಕ್ಕದ ಪ್ರತ್ಯೇಕ ಟೈಟಲ್‌ನ ಜಾಗಕ್ಕೆ ಆ ವಿನಾಯಿತಿ 2020ರಿಂದ ಇಲ್ಲ. 2024ರಿಂದ ಲ್ಯಾಂಡ್ ಟ್ಯಾಕ್ಸ್‌ನ ಮಿತಿ 50,000 ಡಾಲರ್‌ಗೆ ಇಳಿದಿರುವುದರಿಂದ ಮೆಲ್ಬರ್ನ್‌ನ ಬಹುತೇಕ ಯಾವ ಖಾಲಿ ಲಾಟ್ ಆದರೂ ಅದರ ಬಲೆಗೆ ಬೀಳುತ್ತದೆ. ಹಿತ್ತಲಿನ ಲಾಟ್‌ನ ಸೈಟ್ ವ್ಯಾಲ್ಯೂ 4 ಲಕ್ಷ ಡಾಲರ್ ಇದ್ದು ನಿಮಗೆ ಬೇರೆ ತೆರಿಗೆಯ ಜಾಗವಿಲ್ಲದಿದ್ದರೆ ವರ್ಷಕ್ಕೆ 1,650 ಡಾಲರ್. ಲೆಕ್ಕಕ್ಕೆ ಹಿಡಿಯುವುದು ಡಿಸೆಂಬರ್ 31ರ ನಡುರಾತ್ರಿಯ ಸ್ಥಿತಿ. ಕೂಡಲೇ ಮಾರುವ ಉದ್ದೇಶವಿಲ್ಲದವರು ಡಿಸೆಂಬರ್‌ನಲ್ಲಿ ನಕ್ಷೆ ನೋಂದಣಿಗೆ ಆತುರಪಡಬೇಕಾಗಿಲ್ಲ.

ಹಿತ್ತಲಿನ ಲಾಟ್ ಮಾರಿದರೆ ತೆರಿಗೆ ಇದೆಯೇ? ನಾವು ಬೆಂಗಳೂರಿಗೆ ಮರಳುವ ಯೋಚನೆಯಲ್ಲಿದ್ದೇವೆ.

ವಿಭಜನೆ ಮಾಡಿದ ಮಾತ್ರಕ್ಕೆ ಬಂಡವಾಳ ಲಾಭ ತೆರಿಗೆ ಬರುವುದಿಲ್ಲ, ಮಾರಿದಾಗ ಬರುತ್ತದೆ. ವಾಸದ ಮನೆಗಿರುವ ವಿನಾಯಿತಿ ಮನೆಯಿಲ್ಲದ ಖಾಲಿ ಲಾಟ್ ಅನ್ನು ಪ್ರತ್ಯೇಕವಾಗಿ ಮಾರಿದಾಗ ಅನ್ವಯಿಸುವುದಿಲ್ಲ. ಮೂಲ ಖರೀದಿ ಬೆಲೆಯನ್ನು ಎರಡೂ ಲಾಟ್‌ಗಳಿಗೆ ಸಮಂಜಸವಾಗಿ ಹಂಚಿ ಲಾಭ ಲೆಕ್ಕ ಹಾಕಬೇಕು. ಇಲ್ಲಿ ಹೇಳಿದ ಸರ್ವೇಯರ್ ವೆಚ್ಚ, ಕೌನ್ಸಿಲ್ ಶುಲ್ಕ, ವಂತಿಗೆಗಳು ವೆಚ್ಚದ ಬಾಬತ್ತಿಗೆ ಸೇರುವುದರಿಂದ ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಿ. ಲಾಭಕ್ಕಾಗಿ ಕಟ್ಟಿ ಮಾರುವ ವ್ಯವಹಾರದ ರೂಪ ಅದಕ್ಕೆ ಬಂದರೆ ಶೇ 10ರ ಜಿಎಸ್‌ಟಿ ಪ್ರಶ್ನೆಯೂ ಏಳುತ್ತದೆ.

ಮರಳುವ ಯೋಚನೆ ಇರುವವರು ಎರಡು ಸಂಗತಿ ತಿಳಿದಿರಬೇಕು. ಆಸ್ಟ್ರೇಲಿಯಾದ ತೆರಿಗೆ ದೃಷ್ಟಿಯಲ್ಲಿ ವಿದೇಶಿ ನಿವಾಸಿಯಾದ ಮೇಲೆ ಮಾರಿದರೆ ವಾಸದ ಮನೆಯ ವಿನಾಯಿತಿಯೇ ಸಾಮಾನ್ಯವಾಗಿ ಕೈತಪ್ಪುತ್ತದೆ. ಜೊತೆಗೆ 2025ರ ಜನವರಿ 1ರಿಂದ, ಮಾರುವವರು ಕ್ಲಿಯರೆನ್ಸ್ ಸರ್ಟಿಫಿಕೇಟ್ (ತಾವು ವಿದೇಶಿ ನಿವಾಸಿಯಲ್ಲ ಎಂದು ತೆರಿಗೆ ಇಲಾಖೆ ಕೊಡುವ ಪತ್ರ) ಕೊಡದಿದ್ದರೆ ಕೊಳ್ಳುವವರು ಬೆಲೆಯ ಶೇ 15ರಷ್ಟನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು, ಬೆಲೆ ಎಷ್ಟೇ ಇರಲಿ. ಇಲ್ಲಿಯೇ ನೆಲೆಸಿರುವವರೂ ಆ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಲೇಬೇಕು.

ಊರಿಂದ ಬರುವ ಅಪ್ಪ ಅಮ್ಮನಿಗೆ ಒಂದು ಸಣ್ಣ ಮನೆ ಸಾಕು. ಅದಕ್ಕೂ ವಿಭಜನೆ ಬೇಕೇ?

ಬೇಡ. 60 ಚದರ ಮೀಟರ್‌ವರೆಗಿನ ಸ್ಮಾಲ್ ಸೆಕೆಂಡ್ ಹೋಮ್ ಕಟ್ಟಲು, 300 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ವಿಶೇಷ ಓವರ್‌ಲೇ ಇಲ್ಲದಿದ್ದರೆ, 2023ರ ಡಿಸೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಟ್ ಬೇಕಾಗಿಲ್ಲ. ಬಿಲ್ಡಿಂಗ್ ಪರ್ಮಿಟ್ ಮಾತ್ರ ಬೇಕು. ಅದನ್ನು ಪ್ರತ್ಯೇಕ ಟೈಟಲ್ ಮಾಡಿ ಮಾರುವಂತಿಲ್ಲ ಎಂಬ ಷರತ್ತಿನ ಮೇಲೆ ಈ ಸೌಲಭ್ಯ ಬಂದಿತು. ಉದ್ದೇಶ ವಾಸವಷ್ಟೇ ಆಗಿದ್ದರೆ ಮೇಲಿನ ವಂತಿಗೆಗಳ ಗೊಡವೆಯೇ ಬೇಡ.

ಪರ್ಮಿಟ್ ಬಂದ ಮೇಲೆ ಎಷ್ಟು ಕಾಲ ಸುಮ್ಮನಿರಬಹುದು?

ಅರ್ಜಿಯನ್ನು ತೀರ್ಮಾನಿಸಲು ಕೌನ್ಸಿಲ್‌ಗೆ ಶಾಸನಬದ್ಧವಾಗಿ 60 ದಿನಗಳಿವೆ. ಹೆಚ್ಚುವರಿ ಮಾಹಿತಿಯನ್ನು ಸಕಾಲದಲ್ಲಿ ಕೇಳಿದರೆ ಆ ಎಣಿಕೆ ಮತ್ತೆ ಆರಂಭವಾಗುತ್ತದೆ. ಅವಧಿ ಮೀರಿದರೆ ವಿಕ್ಟೋರಿಯಾದ ವಿಕ್ಯಾಟ್ ನ್ಯಾಯಮಂಡಳಿಗೆ ಹೋಗಬಹುದು. ಪರ್ಮಿಟ್‌ನಲ್ಲಿ ಬೇರೆ ಅವಧಿ ನಮೂದಿಸದಿದ್ದರೆ ಎರಡು ವರ್ಷದೊಳಗೆ ನಕ್ಷೆ ಸರ್ಟಿಫೈ ಆಗಬೇಕು, ಅಲ್ಲಿಂದ ಐದು ವರ್ಷದೊಳಗೆ ನೋಂದಣಿಯಾಗಬೇಕು. ತಪ್ಪಿದರೆ ಪರ್ಮಿಟ್ ಸತ್ತುಹೋಗುತ್ತದೆ, ಕಟ್ಟಿದ ಶುಲ್ಕವೂ ಅದರೊಂದಿಗೆ. ಹೊಸ ಅರ್ಜಿಗೆ ಆ ಹೊತ್ತಿನ ನಿಯಮ ಮತ್ತು ಆ ಹೊತ್ತಿನ ವಂತಿಗೆಯ ಪ್ರಮಾಣ ಅನ್ವಯಿಸುತ್ತದೆ.

ಹಣ ಖರ್ಚು ಮಾಡುವ ಮೊದಲು ಯಾವ ಕಾಗದಗಳನ್ನು ತರಿಸಬೇಕು?

ಟೈಟಲ್ ಪ್ರತಿ, ಅದರಲ್ಲಿ ನಮೂದಾದ ಪ್ಲಾನ್, ಕವನೆಂಟ್ ಮತ್ತು 173ನೇ ಸೆಕ್ಷನ್ ಒಪ್ಪಂದಗಳ ಪೂರ್ಣ ಪಠ್ಯ. ಉಚಿತವಾಗಿ ಸಿಗುವ ಪ್ಲಾನಿಂಗ್ ಪ್ರಾಪರ್ಟಿ ರಿಪೋರ್ಟ್. ನೀರಿನ ಸಂಸ್ಥೆಯಿಂದ ಕೊಳವೆಗಳ ನಕ್ಷೆ. ಇವು ಕೈಯಲ್ಲಿದ್ದರೆ ಸರ್ವೇಯರ್ ಜೊತೆಗಿನ ಮೊದಲ ಭೇಟಿಯಲ್ಲೇ ವಿಭಜನೆ ಆಗುವಂಥದ್ದೋ ಅಲ್ಲವೋ ಎಂದು ತಿಳಿಯುತ್ತದೆ. 53.01ನೇ ಕಲಮಿನ ಅನುಸೂಚಿಯಲ್ಲಿ ನಿಮ್ಮ ಕೌನ್ಸಿಲ್‌ಗೆ ಎಷ್ಟು ಶೇಕಡಾ ಬರೆದಿದೆ ಎಂಬುದನ್ನು ಆನ್‌ಲೈನ್‌ನಲ್ಲಿರುವ ಪ್ಲಾನಿಂಗ್ ಸ್ಕೀಮ್‌ನಿಂದ ನೀವೇ ನೋಡಿಕೊಳ್ಳಬಹುದು, ಅದಕ್ಕೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.